ಕಾಟಾ ಚೀಟಿ

ಮಂಡಿ ಮೊಹಲ್ಲಾದ ಮಹಡಿಯಂಗಡಿಯಲ್ಲಿ
ಅಫ್ರೋಜ್ ಅದನ್ನು ಅಟ್ಟದಿಂದ ಎರಡೂ ಕೈಲಿ ಇಳಿಸಿದ,
ಹಸುಗೂಸು ಇಳಿಸುವ ಹಾಗೆ.
‘ಸೀಲ್ ಒಡೆದಿಲ್ಲ ಸಾರ್, ಮೂಲೆ ನೋಡಿ, ಒಂದು ಗೀರಿಲ್ಲ.
ಎರಡು ಸಾವಿರದಲ್ಲಿ ನಾನೂರ ಹದಿನೇಳನೇದು.’
ಎಣಿಸಿಕೊಟ್ಟೆ ಇಪ್ಪತ್ತಾರು ಸಾವಿರ,
ಫ್ರಿಜ್ಜಿಗೆಂದು ಕೂಗಿ ಎತ್ತಿದ ಚೀಟಿ ದುಡ್ಡು.

ಆಟ ಹೊಸದಲ್ಲ. ಡಿಸ್ಕು ಮನೆಯಲ್ಲೇ ಇದೆ.
ಬೂದಿ ದೊರೆಯನ್ನು ಎರಡು ಸಲ ಕೊಂದಾಗಿದೆ.
ಮತ್ತೆ ಯಾಕೆ ಅಂದರೆ
ಇರುವುದು ಒಂದು ಪೆದ್ದು ಉತ್ತರ:
ಪೇಟೆ ಬೀದಿಯ ಗೇಮ್ ಅಂಗಡಿ, ಅರ್ಧ ಗಂಟೆಗೆ ಐದು ರೂಪಾಯಿ,
ಕೊನೇ ಜೀವ ಉಳಿದಿರುವಾಗಲೇ
ಸ್ವಿಚ್ಚು ಆರಿಸುತ್ತಿದ್ದ ಚೆನ್ನಿಗಪ್ಪ.
ಅವನ ಕೈಗೆ ಎಟುಕದ್ದು ಏನಾದರೂ ಇರಲಿ ಅಂತ.

ಸಂಜೆಯ ಪ್ಯಾಸೆಂಜರು. ತೊಡೆ ಮೇಲೆ ಪೆಟ್ಟಿಗೆ.
ಪಾಂಡವಪುರದಲ್ಲಿ ಹತ್ತಿದ ಹೆಂಗಸು ಸೊಪ್ಪಿನ ಮೂಟೆ ಇಳಿಸಿ
‘ಮಿಕ್ಸಿಯಾ?’ ಅಂದಳು.
‘ಅಲ್ಲ, ಆಟದ ಸಾಮಾನು.’
‘ಮಗೀಗಾ?’
‘ಹೂಂ.’
‘ಏಸು ವರ್ಸ?’
‘ಒಂಬತ್ತು’ ಅಂದೆ,
ಮೂವತ್ತನ್ನು ಯಲಿಯೂರು ದಾಟುವ ತನಕ
ಬಾಯಲ್ಲೇ ಇಟ್ಟುಕೊಂಡು.

ರಾತ್ರಿ ಪಾಳಿ ನನ್ನದು, ಕಾರ್ಖಾನೆಯ ಕಾಟಾ.
ಹದಿನಾಲ್ಕು ವರ್ಷ, ಕಾಕಂಬಿ ವಾಸನೆಯಲ್ಲಿ ಒಂದೇ ಲೆಕ್ಕ:
ತುಂಬಿದ ಗಾಡಿ ತೂಕ, ಖಾಲಿ ಗಾಡಿ ತೂಕ,
ಕಳೆದರೆ ಮಿಕ್ಕಿದ್ದು ಕಬ್ಬು.

ಗಾಡಿ ಇಲ್ಲದ ಹೊತ್ತು ನೋಡಿ
ಪೆಟ್ಟಿಗೆಯನ್ನು ಹಲಗೆಯ ನಡುಮಧ್ಯೆ ಇಟ್ಟು ಬಂದೆ.
ಸೊನ್ನೆ.
ಹತ್ತು ಹತ್ತು ಕೇಜಿಯಾಗಿ ಕುಪ್ಪಳಿಸುವ ಯಂತ್ರ, ಗೊತ್ತು.
ಗೊತ್ತಿದ್ದೂ ಹೊಟ್ಟೆ ಚುರುಕ್ ಅಂತು.
ಹೊತ್ತುಕೊಂಡು ನಿಂತೆ, ಹೊರಗಿನ ಕೆಂಪು ಅಂಕಿ: ಎಪ್ಪತ್ತು.
ಕೆಳಗಿಟ್ಟು ಒಬ್ಬನೇ ನಿಂತೆ. ಎಪ್ಪತ್ತು.

ಒಡೆದರೆ ಅರ್ಧ ಬೆಲೆ ಹೋಯ್ತು ಅಂದಿದ್ದ ಅಫ್ರೋಜ್.
ಸೈಕಲ್ ಬೀಗದ ಕೀಲಿಯಲ್ಲಿ ಸೀಳಿದೆ.
ಕಂಚಿನ ಬಣ್ಣದ ದೊರೆ, ಕತ್ತಿ ಬೇರೆ, ಸಿಕ್ಕಿಸಿಕೊಳ್ಳಬೇಕು.
ಮಸಿ ವಾಸನೆ ಆರದ ಚಿತ್ರದ ಪುಸ್ತಕ.
ಯಾವ ಸಂತೆಯಲ್ಲೂ ನಡೆಯದ ನಾಣ್ಯ ಮೂರು.
ಬಟ್ಟೆಯ ಮೇಲೆ ಅಚ್ಚು ಹಾಕಿದ ಭೂಪಟ.
ಆಟ?
ಬಸ್ ಟಿಕೆಟ್ಟಿನಷ್ಟು ಕಾಗದ, ಅದರಲ್ಲಿ ಇಪ್ಪತ್ತೈದು ಅಕ್ಷರ.
ಕಳೆದರೆ ಮಿಕ್ಕಿದ್ದು ಅದು.

ಅಷ್ಟರಲ್ಲಿ ಟ್ರ್ಯಾಕ್ಟರು. ಕೊಪ್ಪದ ಕಡೆಯ ಜವರಾಯಿ.
ಇಳಿದು ಬಂದವನು ಚೀಟಿ ಕೇಳಲಿಲ್ಲ,
ಮೇಜಿನ ಮೇಲೆ ಹಾಸಿದ್ದ ಬಟ್ಟೆ ನೋಡುತ್ತ ನಿಂತ.
‘ಯಾವೂರ್ದಪ್ಪಾ ಈ ನಕ್ಸೆ?’
‘ಊರಲ್ಲ, ಆಟದ್ದು.’
ಅಂಗಿಗೆ ಬೆರಳು ಒರೆಸಿಕೊಂಡು
ಬೆಟ್ಟದ ಬುಡದಿಂದ ನೀಲಿ ಗೆರೆ ಹಿಡಿದು ನಿಧಾನ ಇಳಿದ,
ಕವಲಲ್ಲಿ ತಡೆದ, ಕೋಟೆಯ ಹತ್ತಿರ ನಕ್ಕ:
‘ಇಲ್ಲಿಗಂಟ ಇವ್ರೇ ಎಲ್ಲ ಕುಡ್ಕತಾರೆ.’
ಗೆರೆ ಸವೆದು ಸವೆದು ಕೂದಲೆಳೆಯಾಗುವ ಕಡೆ
ಒಂದು ಚುಕ್ಕಿ. ಅಲ್ಲಿ ಬೆರಳೂರಿದ.
‘ಈ ಊರ್ಗೆ ನೀರ್ ಹತ್ತಾಕಿಲ್ಲ ಕಣಯ್ಯ. ಟೇಲೆಂಡು.’

ಆ ಊರು ನನಗೆ ಗೊತ್ತು. ಎರಡು ಸಲ ಹೋಗಿದ್ದೇನೆ.
ತೆರೆದ ಬಾಗಿಲು, ಒಲೆ ಮೇಲೆ ಮಡಕೆ, ನರಪಿಳ್ಳೆಯಿಲ್ಲ.
ಕೊಲ್ಲುವುದಕ್ಕೆ ಯಾರೂ ಇಲ್ಲವಲ್ಲ ಅಂತ
ಎರಡು ಸಲವೂ ಓಡಿ ದಾಟಿದ್ದೆ.
ಯಾಕೆ ಖಾಲಿ ಅಂತ ಆಟ ಎಲ್ಲೂ ಹೇಳುವುದಿಲ್ಲ.

‘ತೂಕ ಹಾಕು, ಕಬ್ಬು ಒಣಗ್ತಾ ಅದೆ’ ಅಂದು
ಬೆರಳೆತ್ತಿದ. ಚುಕ್ಕಿಯ ಮೇಲೆ
ಕಬ್ಬಿನ ಹಾಲಿನ ಅಂಟು, ಹೆಬ್ಬೆಟ್ಟಿನಗಲ.
ಒರೆಸಲು ಹೋಗಲಿಲ್ಲ.
ಗುಂಡಿ ಒತ್ತಿದೆ.
ತುಂಬಿದ ಗಾಡಿ:
ಹದಿನಾಲ್ಕು ಸಾವಿರದ ಇನ್ನೂರ ಹತ್ತು.