ಎಂಟು ವಾಲ್ವು, ಒಂದು ಪರಾತ

ಕಲಬುರಗಿಯ ಲೇತ್ ಅಂಗಡಿಯವ
ಎಂಟು ದಿನ ಅಂದ, ಎಂಟು ಸಾವಿರ ಅಂದ.
ಭೀಮಶಾ ಮಾಮಾನಿಗೆ ಎರಡೂ ಕೇಳಿಸಲಿಲ್ಲ.
ಮೂವತ್ತೊಂದು ವರ್ಷ ಕ್ರಶರಿನ ಬಾಯಿಗೆ ಕಿವಿ ಕೊಟ್ಟವನು
ಅಂಗಡಿಯವನ ತುಟಿ ನೋಡಿದ, ಮೀಸೆ ನೋಡಿದ,
ಹೆಡ್ಡನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿದ.
ಒಂದು ತುದಿ ಅವನು, ಒಂದು ತುದಿ ನಾನು,
ವಾಡಿ ಪ್ಯಾಸೆಂಜರಿನ ಬಾಗಿಲಲ್ಲೇ ಕೂತು
ಶಹಾಬಾದಿಗೆ ವಾಪಸು.

ಜೀಪು ಬೇವಿನ ಕೆಳಗೆ ಬಾನೆಟ್ಟು ತೆರೆದು ನಿಂತಿದೆ
ಪಿಸ್ಟನ್ನಿನ ಮೇಲೆ ಅವ್ವನ ಹಳೇ ಸೀರೆ ಹೊದ್ದು.

ಅಡುಗೆಮನೆಯ ಪರಾತ ಈಗ ನಮ್ಮದು.
ಅದರಲ್ಲಿ ಸ್ಪ್ರಿಂಗು, ವಾಷರು,
ಸೀಳಿದ ಹುಣಸೆಬೀಜದಂಥ ಹದಿನಾರು ಕಾಟರು.
ಅವ್ವ ಎರಡು ಸಲ ಬಂದು ನೋಡಿದಳು.
‘ಹಿಟ್ಟು ಎದರಾಗ ನಾದಲಿ?’
ಕಿವುಡ ತಮ್ಮನನ್ನು ಬಿಟ್ಟು ನನ್ನನ್ನೇ ಕೇಳಿದಳು.

ಮದುವೆ ಪತ್ರಿಕೆಯ ರಟ್ಟಿನ ಡಬ್ಬಿಗೆ
ಎಂಟು ತೂತು ಕೊರೆದು ನಂಬರು ಬರೆದೆ.
ಒಂದರದು ಇನ್ನೊಂದರ ಜಾಗಕ್ಕೆ ಹೋಗಬಾರದು,
ಸವೆದದ್ದು ತನ್ನ ಮನೆಯಲ್ಲೇ ಸವೆದಿರುತ್ತದೆ.
ಹೊಗೆ ಬಿಡುವ ನಾಲ್ಕಕ್ಕೆ
ತವೆಗೆ ಹತ್ತಿದ ರೊಟ್ಟಿಯ ಹಕ್ಕಳೆ.
ಕೆರೆದಷ್ಟೂ ಕರಿ, ತೊಳೆದಷ್ಟೂ ಕರಿ.
ಸೋಮವಾರ ಬೋರ್ಡಿಗೆ ಕೈ ಎತ್ತಿದಾಗ
ಮೂರನೇ ಕ್ಲಾಸಿನ ಹುಡುಗಿ ಕೇಳಿಯೇ ಕೇಳುತ್ತಾಳೆ:
‘ಟೀಚರ್, ನಿಮ್ಮ ಮೆಹಂದಿ ಹಿಂಗ್ಯಾಕ?’

ಪೇಸ್ಟಿನ ಡಬ್ಬಿಗೆ ಎರಡು ಮುಚ್ಚಳ,
ಈ ಕಡೆ ರವೆ, ಆ ಕಡೆ ಮೈದಾ.
ಮೂರು ಬೊಟ್ಟು ಹಚ್ಚಿ, ರಬ್ಬರಿನ ಕೋಲು ಅಂಟಿಸಿ
ಎರಡು ಅಂಗೈ ನಡುವೆ ತಿರುವು,
ಎತ್ತು, ಕಾಲು ಸುತ್ತು ಸರಿಸು, ಮತ್ತೆ ತಿರುವು.
ಗರ್ ಗರ್ ಗರ್ ಗರ್
ಮೊದಲು ಹೊಸದಾಗಿ ಕಟೆದ ಬೀಸುಕಲ್ಲಿನ ಸಿಟ್ಟು,
ಆಮೇಲೆ ಸರ್ ಸರ್,
ಆಮೇಲೆ ಬೆಣ್ಣೆ.

ಮಾಮಾನಿಗೆ ಅದು ಅಂಗೈಗೆ ಬರುತ್ತದೆ, ನನಗೆ ಕಿವಿಗೆ.
ನಡುವೆ ಒಮ್ಮೆ ಕೋಲು ಬಿಟ್ಟು, ಫರಸಿಗೆ ಕೈ ಊರಿ
‘ನಿಮ್ಮವ್ವ ರೊಟ್ಟಿ ಬಡಿಲತ್ತಾಳ’ ಅಂದ.
ಹೌದು. ಪರಾತ ಇಲ್ಲದೆಯೂ ನಾದಿದ್ದಾಳೆ.
ಶಹಾಬಾದಿನ ಕಲ್ಲು ಅವನಿಗೆ
ಇಷ್ಟೆಲ್ಲ ಸುದ್ದಿ ಮುಟ್ಟಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

ಐದನೆಯದರ ಹತ್ತಿರ ಜಗಳ.
‘ಆಯ್ತು’ ಅಂದ.
ಆಗಿಲ್ಲ ಅಂತ ತಲೆ ಅಲ್ಲಾಡಿಸಿದೆ,
ಸುತ್ತಿಗೊಮ್ಮೆ ಎಲ್ಲೋ ಕಚ್ಚುತ್ತಿತ್ತು,
ಟಿಕ್.
‘ನನ್ನ ಕೈ ಸುಳ್ಳ ಹೇಳ್ತದೇನು?’
‘ನನ್ನ ಕಿವಿ ಹೇಳ್ತದೇನು?’
ಒರೆಸಿ ನೋಡಿದೆವು.
ಬೂದಿ ಬಣ್ಣದ ಉಂಗುರ, ಎಲ್ಲೂ ತುಂಡಾಗಿಲ್ಲ ಅಂತ ಅವನು,
ಮೊಬೈಲಿನ ಬೆಳಕಿಗೆ ಕೂದಲೆಳೆಯಷ್ಟು ಹೊಳಪು ಅಂತ ನಾನು.
ಇನ್ನೂರು ಸಲ ಮತ್ತೆ ತಿರುವಿದೆ.
ಕೂಗಾಡಿದ್ದು ನನ್ನ ದನಿಯೊಂದೇ ಆದ್ದರಿಂದ
ಅವ್ವ ಬಂದು ಬೈದದ್ದೂ ನನಗೊಬ್ಬಳಿಗೇ.

ಸಂಜೆ ಸ್ಪ್ರಿಂಗು ಒತ್ತಿ, ಕಾಟರು ಕೂರಿಸಿ,
ಹೆಡ್ಡನ್ನು ಮಗ್ಗಲಾಗಿಸಿ
ಎಂಟೂ ಕಿಂಡಿಗೆ ಚಿಮಣಿ ಎಣ್ಣಿ ತುಂಬಿ
ಕೆಳಗೆ ಪೇಪರು ಹಾಸಿ ಮಲಗಿದೆವು.
ಗೂಡ್ಸ್ ಗಾಡಿ ಹೋದಾಗೆಲ್ಲ ನೆಲ ನಡುಗಿತು.
ಅವನು ಒಮ್ಮೆ ಎದ್ದ, ನಾನು ಒಮ್ಮೆ ಎದ್ದೆ,
ಇಬ್ಬರ ಟಾರ್ಚೂ ಐದರ ಮೇಲೆ.

ಬೆಳಿಗ್ಗೆ
ಐದು ಖಡಕ್ ಒಣಗಿತ್ತು.
ಏಳು ಒಣಗಿತ್ತು, ಒಂದು ಒಣಗಿತ್ತು.
ಒದ್ದೆಯಾದದ್ದು ಎರಡು.
ಅವನು ‘ಆಯ್ತು’ ಅಂದಾಗ
ಹ್ಞೂಂ ಅಂದು ನಾನು ಚಹಾಕ್ಕೆ ಎದ್ದುಹೋದ ಎರಡು.
ಇಳಿದ ಎಣ್ಣೆ ಪೇಪರನ್ನು ಗಾಜು ಮಾಡಿ
ಹಿಂದಿನ ಪುಟದ ಅಕ್ಷರಗಳನ್ನು
ಉಲ್ಟಾ ಓದಿಸುತ್ತಿತ್ತು.

ಮಾಮಾ ಬೆರಳು ಅದ್ದಿ ಮೂಸಿದ.
ನಗಲಿಲ್ಲ. ನಾನೂ.
ಕ್ಲ್ಯಾಂಪು ಹಾಕಿ ಎರಡನ್ನು ಬಿಚ್ಚಿ
ಕೋಲನ್ನು ನನ್ನ ಕೈಗೆ ಕೊಟ್ಟು
ತಾನು ಹೆಡ್ಡಿನ ತುದಿಗೆ ಎರಡೇ ಬೆರಳು ಇಟ್ಟು ಕೂತ.
‘ತಿರುವು. ನೀ ಕೇಳು. ನಾ ನೋಡ್ತೀನಿ.’

ಒಳಗಿನಿಂದ ಅವ್ವ:
‘ಪರಾತ.’