ಹತ್ತು ಮಿಲಿಸೆಕೆಂಡು

ಚಿಪ್ಪಿನ ನೆತ್ತಿಯ ಮೇಲಿನ ನಂಬರನ್ನು
ಭೂತಗನ್ನಡಿ ಹಿಡಿದು ಓದಿ
ಟ್ರಾಮ್ ಟಿಕೀಟಿನ ಬೆನ್ನಿಗೆ ಬರೆದುಕೊಂಡೆ.
ಡ್ರೈವರಿನ ಪಟ್ಟಿಯಲ್ಲಿ ಅದರ ಅಕ್ಕ ಇದ್ದಾಳೆ,
ತಂಗಿ ಇದ್ದಾಳೆ,
ಇದೊಂದು ಇಲ್ಲ.

ಪೋಲೆಂಡಿನ ವೂಚ್, ಫೆಬ್ರವರಿ. ಕಿಟಕಿಯಾಚೆ
ಹಳೇ ಬಟ್ಟೆಗಿರಣಿಯ ಚಿಮಣಿಯಲ್ಲಿ ಹೊಗೆಯಿಲ್ಲ, ಕಾಗೆಯಿದೆ.
ಮೇಜಿನ ಮೇಲೆ
ಲೋಕದಲ್ಲೆಲ್ಲ ಹುಡುಕಿದರೂ ಮುನ್ನೂರು ಮಂದಿ ಬಳಸದ
ಒಂದು ಆಪರೇಟಿಂಗ್ ಸಿಸ್ಟಮ್ಮು.
ನನ್ನ ಲೇಸಿನ ನಕ್ಷೆಗಳು ಸಾವಿರದ ನಾನೂರು,
ಪರದೆಯಂಚು, ಮೇಜುಬಟ್ಟೆ, ಚರ್ಚಿಗೆ ಹೋಗುವ ಮಕ್ಕಳ ಕೊರಳಪಟ್ಟಿ,
ಎಲ್ಲ ಅದಕ್ಕೆ ಮಾತ್ರ ತಿಳಿಯುವ ಲಿಪಿಯಲ್ಲಿವೆ.
ಫ್ಲಾಪಿಗಳು ಒಂದೊಂದಾಗಿ ಸಾಯುತ್ತಿವೆ,
ಸಾಯುವ ಮುಂಚೆ ಕಪ್ಪೆಯ ಹಾಗೆ ವಟಗುಟ್ಟುತ್ತವೆ.

ತಂತಿಯೊಂದೇ ದಾರಿ.

ಮೂರನೇ ಮಹಡಿಯ ಓಲ್ಗಿಯೆರ್ಡ್ ಬಂದ.
'ಹೊಸದು ತಗೋ ಯಾಗ್ನಾ, ಇದನ್ನು ಗುಜರಿಗೆ ಹಾಕು' ಎಂದ,
ಬೀಟ್‌ರೂಟ್ ಸೂಪು ಕುಡಿದ, ಹೋದ.
ತುರ್ಕು ಬಂದರಿನಲ್ಲಿ ಎರಡು ಚಳಿಗಾಲ
ಹಡಗಿನ ಹೊಟ್ಟೆಗೆ ಬೆಸುಗೆ ಹಾಕಿದವನು.
ಬಿರುಕು ಬಿಟ್ಟರೆ ಸಮುದ್ರಕ್ಕೆಸೆಯುತ್ತಿದ್ದನೇ ಹಡಗನ್ನು?

ಆ ನಂಬರನ್ನು ಅಕ್ಕ ತಂಗಿಯರ ನಡುವೆ ಒತ್ತರಿಸಿ ಕೂರಿಸಿದೆ.
ಕಂಪೈಲ್ ಆಗಲು ನಲವತ್ತು ನಿಮಿಷ,
ಅಷ್ಟರಲ್ಲಿ ಒಂದು ಕಾಲುಚೀಲದ ಹಿಮ್ಮಡಿ ಹೆಣೆದೆ.

ಇಷ್ಟಕ್ಕೇ ಬಿಟ್ಟಿದ್ದರೆ.
ಆದರೆ ಹೊಲಿಗೆಯವಳ ಕೈ, ಸುಮ್ಮನಿರದು.
ಡ್ರೈವರ್ ಬರೆದಾತ ವೇಯೊ, ಫಿನ್ಲೆಂಡಿನವನು,
ಹನ್ನೊಂದು ವರ್ಷದಿಂದ ಸುದ್ದಿಯಿಲ್ಲ, ಇದ್ದಾನೋ ಇಲ್ಲವೋ.
ಅವನ ಕೋಡಿನ ನಡುವೆ ಒಂದು ಖಾಲಿ ಸುತ್ತು:
ಏನೂ ಓದುವುದಿಲ್ಲ, ಏನೂ ಬರೆಯುವುದಿಲ್ಲ,
ಗಾಣದೆತ್ತಿನ ಹಾಗೆ ತಿರುಗುತ್ತದೆ, ಎಣ್ಣೆಯೂ ಇಲ್ಲ.
ಪಕ್ಕದಲ್ಲಿ ಒಂದೇ ಪದ: ಓದೊತಾ.
ಯಾರ ಹೆಸರು? ಹೆಂಡತಿಯದೋ, ನಾಯಿಯದೋ?
ಉಳಿದುಹೋದ ದಾರದ ತುದಿಯೆಂದುಕೊಂಡು
ಕಚಕ್ಕನೆ ಕತ್ತರಿಸಿದೆ.

ಹಸಿರು ದೀಪ ಹತ್ತಿತು.
ಕಾರ್ಡಿಗೆ ಹೆಸರು ಬಂತು.
ಕಳಿಸಿದ್ದು ಸೊನ್ನೆ, ಬಂದದ್ದು ಸೊನ್ನೆ.

ಒಂಬತ್ತು ರಾತ್ರಿ
ಒಳಗೆ ದೀಪವಿರುವ ಮನೆಯ ಬಾಗಿಲು ತಟ್ಟಿದೆ,
ಯಾರೂ ಓಗೊಡಲಿಲ್ಲ.
ಕೇಬಲ್ಲು ಬದಲಿಸಿದೆ, ಸ್ಲಾಟು ಬದಲಿಸಿದೆ,
ಇಂಟರಪ್ಟಿನ ಸಂಖ್ಯೆ ಐದೋ ಏಳೋ ಹನ್ನೊಂದೋ,
ನೆನಪಿಗೆ ಬಂದ ಸಂತರನ್ನೆಲ್ಲ ಬೈದೆ,
ಬೈಯಲು ಸಂತರು ಸಾಲದೆ ಹೋದರು.

ಹತ್ತನೆಯ ಸಂಜೆ ನಲ್ಲಿಯ ವಾಷರ್ ಹಾಕಲು ಬಂದ ಓಲ್ಗಿಯೆರ್ಡ್
ಒದ್ದೆ ಕೈಯಲ್ಲೇ ಪರದೆಯ ಹತ್ತಿರ ಬಗ್ಗಿ ನಕ್ಕ.
'ಓದೊತಾ! ಇದು ಗೊತ್ತು ನನಗೆ.
ತುರ್ಕುವಿನಲ್ಲಿ ರಸ್ತೆ ದಾಟಲು ಗುಂಡಿ ಒತ್ತಿದರೆ
ಇದೇ ಪದ ಹೊತ್ತಿಕೊಳ್ಳುತ್ತಿತ್ತು, ಕಾಯಿ ಅಂತ.
ರಾತ್ರಿ ಮೂರು ಗಂಟೆ, ಮೊಣಕಾಲುದ್ದ ಹಿಮ, ಒಂದು ಗಾಡಿಯಿಲ್ಲ,
ಆದರೂ ಕಾಯುತ್ತ ನಿಂತಿರುತ್ತಿದ್ದೆವು, ಮುಠ್ಠಾಳರು.'

ನನಗೆ ನಗು ಬರಲಿಲ್ಲ.
ಕತ್ತರಿಸಿದ ಆರು ಸಾಲನ್ನು ಹಳೆಯ ಪ್ರತಿಯಿಂದ ತಂದು
ಇದ್ದಲ್ಲೇ ಹೊಲಿದೆ.
ಹತ್ತು ಮಿಲಿಸೆಕೆಂಡು, ಅಷ್ಟೇ ವೇಯೊ ಬೇಡಿದ್ದು.
ಈಗತಾನೇ ಎದ್ದ ಚಿಪ್ಪಿಗೆ
ಕಣ್ಣುಜ್ಜಿಕೊಳ್ಳುವಷ್ಟು ಹೊತ್ತು.
ಎದ್ದ ತಕ್ಷಣ ಯಾರಿಗೂ ಕೆಲಸ ಹೇಳಬಾರದೆಂದು
ಇಪ್ಪತ್ತಾರು ವರ್ಷ ಸಂಸಾರ ಮಾಡಿಯೂ
ನಾನು ಕಲಿತಿರಲಿಲ್ಲ.

ಚಿಪ್ಪು ಕಾಯಿತು. ನಾನೂ ಕಾದೆ.
ಬೆರಳಿಟ್ಟರೆ ಮಗುವಿನ ಹಣೆಯಷ್ಟು ಬಿಸಿ.

ಆಮೇಲೆ ಅಡುಗೆಮನೆಯಿಂದ,
ಬ್ರೆಡ್ಡಿನ ಡಬ್ಬದ ಮೇಲೆ ಕೂತ ರೌಟರಿನಿಂದ,
ನಾಲ್ಕು ಮೀಟರ್ ದೂರದಿಂದ
ಉತ್ತರ.
ಮತ್ತೆ ಉತ್ತರ.
ಮತ್ತೆ.

ಮೊದಲ ನಕ್ಷೆ ದಾಟಿತು: ಜರೀಗಿಡದ ಅಂಚು, ಎಂಬತ್ತೊಂಬತ್ತರದ್ದು.
ಮೂರನೇ ಎಲೆಯಲ್ಲಿ ಒಂದು ಹೊಲಿಗೆ ತಪ್ಪಿದೆ,
ಆಗಲೂ ತಪ್ಪಿತ್ತು.

ವೇಯೊನ ಪದದ ಕೆಳಗೆ ನನ್ನ ಭಾಷೆಯಲ್ಲಿ ಬರೆದೆ:
ಕತ್ತರಿಸಬೇಡಿ. ನಾನು ಕತ್ತರಿಸಿದ್ದೆ.

ಓಲ್ಗಿಯೆರ್ಡ್ ಕೈ ಒರೆಸಿಕೊಳ್ಳುತ್ತ ಕೇಳಿದ, ಸೂಪಿದೆಯಾ?
ಒಲೆಯ ಮೇಲಿದೆ, ಎಂದೆ,
ಕಾಯಲಿ.