ಮೂರು ಸೆಕೆಂಡಿನ ಬೆಳಕು

ಕೊರೆಯಬೇಡ, ತುರಿಯಬೇಡ, ಪುಡಿ ಮಾಡಿ ತೂಗಬೇಡ.
ಬರೀ ಬೆಳಕು ಬಿಡು, ಮೂರು ಸೆಕೆಂಡು.
ಮರಳಿ ಬಂದದ್ದನ್ನು ಓದು.
ಇಷ್ಟೇ ನನ್ನ ಕೆಲಸ, ಮತ್ತೀಕೆರೆಯ ಎರಡನೇ ಮಹಡಿಯಲ್ಲಿ,
ಕೆಳಗೆ ಬೇಕರಿಯವನು ದಿಲ್‌ಪಸಂದ್ ತಟ್ಟೆ ಹೊರಗೆಳೆಯುವ ಹೊತ್ತಿಗೆ.

ಹಳಬರಿಗೆ ಯಂತ್ರ ಬೇಕಿರಲಿಲ್ಲ.
ನಾಲಿಗೆ ತುದಿಗೆ ಮುಟ್ಟಿಸುತ್ತಿದ್ದರಂತೆ ಮೂಳೆಯನ್ನು:
ಕಚ್ಚಿಕೊಂಡರೆ ಒಳಗಿನ ಅಂಟು ಸೋರಿಹೋಗಿದೆ, ತೂತುಗಳಷ್ಟೇ ಉಳಿದಿವೆ;
ಜಾರಿದರೆ ಇನ್ನೂ ಏನೋ ಇದೆ.
ಬೆರಳಲ್ಲಿ ಮೀಟಿ ಕಿವಿಗೊಡುತ್ತಿದ್ದರು,
ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ.
ಮುನಿಯಲ್ಲಪ್ಪ ಇದನ್ನೆಲ್ಲ ಹೇಳುವಾಗ
ನಾಲಿಗೆ ಚಾಚಿಯೇ ತೋರಿಸುತ್ತಾರೆ.
ಬರುವ ತಿಂಗಳು ಅವರಿಗೆ ನಿವೃತ್ತಿ.

ಇವತ್ತಿನ ಪೆಟ್ಟಿಗೆ: ಎಂಬತ್ತಾರನೇ ಇಸವಿ,
ದೇವನಹಳ್ಳಿ ಕಡೆಯ ಒಂದು ಕಲ್ಲುವೃತ್ತ.
ಈಗಲ್ಲಿ ಬಡಾವಣೆ, ಅಡ್ಡರಸ್ತೆ, ಈಜುಕೊಳ.
ಹತ್ತಿಯ ಮೇಲೆ ಮಗುವಿನ ಕೆಳದವಡೆ,
ಒಳಗೇ ಕಾದು ಕೂತ ಒಂದು ಹಲ್ಲು.
ನಮ್ಮ ಕೆಮ್ಮಣ್ಣು ಮೂಳೆ ಉಳಿಸುವ ಪೈಕಿಯಲ್ಲ,
ಹುಳಿ ಅದು, ನೆಕ್ಕಿ ನೆಕ್ಕಿ ಮುಗಿಸಿಬಿಡುತ್ತದೆ.
ಹಾಗಾಗಿ ಆಸೆಯಿರಲಿಲ್ಲ.

ಬೆಳಕು ಬಿಟ್ಟೆ.
ಪರದೆಯ ಮೇಲೆ ಗೆರೆ ಎದ್ದು ನಿಂತಿತು, ಗುಡ್ಡದ ಹಾಗೆ.
ಅಂಟಿದೆ! ಬೇಕಾದಷ್ಟಿದೆ!
ಕುರ್ಚಿ ಹಿಂದೆ ಸರಿದ ಸದ್ದಿಗೆ ಅವರೂ ಬಂದರು, ಕೈಯಲ್ಲಿ ಟೀ ಲೋಟ.
ಆಮೇಲೆ ನೋಡಿದೆ: ಗುಡ್ಡ ಇರಬೇಕಾದ ಜಾಗ ಅದಲ್ಲ.
ಅದು ಮೈಯ ಅಂಟಲ್ಲ,
ಬಡಗಿಯ ಅಂಟು.

ಅವರು ಲೋಟ ಕೆಳಗಿಟ್ಟರು.
"ಪುಡಿಪುಡಿ ಆಗ್ತಿತ್ತು ಮೇಡಂ. ಕೂಸಿಂದು ಅಂತ ಗೊತ್ತಾಯ್ತು.
ದಿನಗೂಲಿಗೆ ಬಂದೋನು ನಾನು, ಇಪ್ಪತ್ತು ವರ್ಷ.
ಸಾಹೇಬರು ಊಟಕ್ಕೆ ಹೋದಾಗ ನೀರು ಬೆರೆಸಿ ಬ್ರಶ್ಶಲ್ಲಿ ಬಳಿದೆ.
ತಪ್ಪಾಯ್ತಾ?"

ಪುಸ್ತಕದ ಪ್ರಕಾರ ತಪ್ಪು.
ನಾನು ದವಡೆಯನ್ನು ತಿರುಗಿಸುತ್ತ ಹೋದೆ,
ಬ್ರಶ್ಶು ತಲುಪದ ಒಂದು ಮೂಲೆಗಾಗಿ.
ಹಲ್ಲಿನ ಗೂಡಿನ ಪಕ್ಕ ಸಿಕ್ಕಿತು, ಅವರೆಕಾಳಿನಷ್ಟು.
ಮೂರು ಸೆಕೆಂಡು.
ಗೆರೆ ಮಲಗಿಯೇ ಇತ್ತು; ಏಳಬೇಕಾದ ಜಾಗದಲ್ಲಿ
ನಿದ್ದೆಗಣ್ಣಿನ ರೆಪ್ಪೆ ಮಿಸುಕಿದಷ್ಟು.

"ಏನಾದ್ರೂ ಉಳಿದಿದೆಯಾ?"
"ಒಂಚೂರು. ನಿಮ್ಮದು ಮಾತ್ರ ಗಟ್ಟಿಯಾಗಿದೆ."

ವರದಿಯಲ್ಲಿ ಬರೆದೆ: ಕೊರೆಯುವುದು ಬೇಡ.
ಕಾರಣ ಅನ್ನುವ ಕಾಲಮ್ಮಿನಲ್ಲಿ ಪೆನ್ನು ನಿಂತಿತು.
ಅವರು ಆಗಲೇ ಹೊಸ ಹತ್ತಿ ತಂದಿದ್ದರು,
ಹಳೆಯದು ಹಳದಿಯಾಗಿದೆ ಅಂತ.